ವಂಶಾವಳಿಯ ದೇವರು ಯಾರ ಕಡೆ?

ದೊರೆಗೆ ಪಟ್ಟ ಕಟ್ಟೋದು ದೇವರು ಅಂತ ಎಲ್ಲ ರಾಜಮನೆತನಗಳೂ ಹೇಳಿಕೊಂಡಿವೆ. ಹಾಗೆ ಹೇಳಿಕೊಳ್ಳಲು ಅವಕ್ಕೆ ಒದಗಿದ ಸಾಧನ ವಂಶಾವಳಿ. ಇಂಥವನ ಮಗ ಇಂಥವನು ಎಂಬ ಒಣ ಪಟ್ಟಿ ಎಂದು ನಾವು ಅದನ್ನು ದಾಟಿ ಹೋಗುತ್ತೇವೆ. ಆದರೆ ಯಾರ ಹೆಸರು ಉಳಿಯಿತು, ಯಾವ ರೂಪದಲ್ಲಿ ಉಳಿಯಿತು ಎಂಬುದರಲ್ಲೇ ಅಧಿಕಾರದ ಗುಟ್ಟಿದೆ.

ಚನ್ನಗಿರಿಗೆ ಆ ಹೆಸರು ಬಂದದ್ದು ಕೆಳದಿಯ ಚೆನ್ನಮ್ಮಾಜಿಯಿಂದ ಎನ್ನುತ್ತಾರೆ. ಆಕೆಯ ದತ್ತುಪುತ್ರ ಬಸವಪ್ಪ ನಾಯಕ 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಶಿವತತ್ತ್ವರತ್ನಾಕರ' ಈ ಮನೆತನದ ಚರಿತ್ರೆಯನ್ನೂ ಒಳಗೊಂಡಿದೆ. ಕೆಳದಿಯ ಐತಿಹ್ಯದ ಪ್ರಕಾರ ಮೂಲಪುರುಷ ಚೌಡಪ್ಪನಿಗೆ ದೈವಕೃಪೆಯಿಂದ ಲಿಂಗ ಸಿಕ್ಕಿತು, ನಿಧಿ ಕಂಡಿತು. ನಿಧಿ ಎತ್ತಲು ನರಬಲಿ ಬೇಕಾಯಿತು. ಮನೆಯ ಆಳುಗಳಾದ ಎಡವ, ಮುರಾರಿ ತಾವಾಗಿಯೇ ತಲೆ ಕೊಟ್ಟರಂತೆ! ಮುಂದೆ ಅರಸರು 'ಎಡವಮುರಾರಿ' ಎಂಬುದನ್ನೇ ತಮ್ಮ ಬಿರುದು ಮಾಡಿಕೊಂಡರು. ಸತ್ತವರು ಆಳುಗಳು, ಹೆಸರು ಮೆರೆದದ್ದು ದೊರೆಗಳ ಹಣೆಯಲ್ಲಿ.

ಇದರ ಪಕ್ಕದಲ್ಲಿ ಬೈಬಲ್ಲಿನ ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯವನ್ನು ಇಟ್ಟು ನೋಡಬೇಕು. ಅಬ್ರಹಾಮನಿಂದ ಯೇಸುವಿನವರೆಗೆ ಹದಿನಾಲ್ಕು ಹದಿನಾಲ್ಕು ತಲೆಗಳ ಮೂರು ಸಾಲು. ದೇವರೇ ಅರಸರನ್ನು ಏರಿಸುತ್ತಾನೆ, ಇಳಿಸುತ್ತಾನೆ ಎಂಬ ನಂಬಿಕೆ ಇಲ್ಲೂ ಇದೆ. ಬಾಬಿಲೋನಿನ ಸೆರೆಯ ನಂತರ ಸಿಂಹಾಸನ ಹೋಗಿ, ಪಟ್ಟಿ ಒಬ್ಬ ಬಡಗಿಯ ಮನೆಗೆ ಬಂದು ನಿಲ್ಲುತ್ತದೆ. ನಡುವೆ ಯೆರಿಕೋವಿನ ವೇಶ್ಯೆ ರಾಹಾಬಳಿದ್ದಾಳೆ. ಹತ್ತು ತಲೆಮಾರಾದರೂ ದೇವಸಭೆಗೆ ಸೇರಿಸಬಾರದೆಂದು ಧರ್ಮಶಾಸ್ತ್ರ ಹೊರಗಿಟ್ಟ ಮೋವಾಬ್ ಕುಲದ ರೂತಳಿದ್ದಾಳೆ. ದಾವೀದ ಅರಸ ಕೊಲ್ಲಿಸಿದ ಪರದೇಶಿ ಸೈನಿಕ ಊರಿಯನ ಹೆಸರೂ ಇದೆ. ಸೊಲೊಮೋನ ಹುಟ್ಟಿದ್ದು ಊರಿಯನ ಹೆಂಡತಿಯಲ್ಲಿ ಎಂದೇ ಪಟ್ಟಿ ದಾಖಲಿಸುತ್ತದೆ. ಎಡವಮುರಾರಿ ಬಿರುದಾದರೆ, ಊರಿಯ ಆರೋಪವಾಗಿ ಉಳಿದ. ಆದರೆ ಆ ಹೆಂಗಸು ಬತ್ಷೆಬೆಯ ಹೆಸರು ಮಾತ್ರ ಇಲ್ಲ!

ಹಾಗಂತ ಬೈಬಲ್ಲಿನ ವಂಶಾವಳಿಗಳೆಲ್ಲ ವಿಮೋಚನೆಯ ಪಠ್ಯಗಳು ಅಂದುಬಿಡೋಕೆ ಆಗಲ್ಲ. ಆದಿಕಾಂಡದಲ್ಲಿ ಜನಾಂಗಗಳ ಪಟ್ಟಿಗೆ ಮೊದಲೇ ಹಾಮನ ಮಗ ಕಾನಾನನಿಗೆ ತಗಲುವ ಶಾಪವಿದೆ. ಅದನ್ನೇ ಹಿಡಿದು ಅಮೆರಿಕದ ಬಿಳಿಯ ಯಜಮಾನರು ಕಪ್ಪು ಜನರ ಗುಲಾಮಗಿರಿಯನ್ನು ದೈವಾಜ್ಞೆ ಎಂದರು. ಪುರುಷಸೂಕ್ತದ ಪಾದದಲ್ಲಿ ಹುಟ್ಟಿದವರಿಗೆ ಈ ತರ್ಕವೇನು ಹೊಸದಲ್ಲ. ಅಂಬೇಡ್ಕರ್ 1946ರ 'ಶೂದ್ರರು ಯಾರು?' ಪುಸ್ತಕದಲ್ಲಿ ಪೈಜವನ ಎಂಬ ಶೂದ್ರ ಅರಸನ ಹೆಸರು ಹಿಡಿದು ಹೊರಟದ್ದು ಇಂಥ ಪಟ್ಟಿಗಳನ್ನು ತಿರುಗಿಸಿ ಓದಲಿಕ್ಕೇ.

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದವು. ಚಿತ್ರದುರ್ಗದಿಂದ ಜಗಳೂರು ಬಂತು. ಹೊನ್ನಾಳಿಯೊಳಗಿದ್ದ ನ್ಯಾಮತಿ ಈಗ ತಾನೇ ಒಂದು ತಾಲ್ಲೂಕು. ಅಲ್ಲಿನ ಸೂರಗೊಂಡನಕೊಪ್ಪದಲ್ಲಿ ಹುಟ್ಟಿದ ಸೇವಾಲಾಲರನ್ನು ಲಂಬಾಣಿಗರು ಹಾಡುಗಳಲ್ಲಿ ಉಳಿಸಿಕೊಂಡರು. ಜಗಳೂರಿನ ನೆರೆಯ ದುರ್ಗದಲ್ಲಿ, ಹೈದರನ ಪಡೆಯನ್ನು ಒನಕೆಯಿಂದ ತಡೆದ ಛಲವಾದಿ ಹೆಣ್ಣು ಓಬವ್ವನ ಹೆಸರು ಬಂಡೆಯ ಕಿಂಡಿಯಲ್ಲಿ ಉಳಿಯಿತು. ಇವು ಅರಮನೆಯ ಪಟ್ಟಿಗೆ ಸೇರದ ವಂಶಾವಳಿಗಳು.

ನಮಗೂ ರಾಜವಂಶವೊಂದಿತ್ತು ಅಂತ ಹುಡುಕೋದು ಸುಲಭದ ದಾರಿ. ಆ ದಾರಿಯಲ್ಲಿ ಹೋದರೆ ನಾವೂ ಇನ್ನೊಬ್ಬ ಎಡವನ, ಇನ್ನೊಬ್ಬ ಮುರಾರಿಯ ನೆತ್ತರನ್ನು ಬಿರುದು ಮಾಡಿಕೊಳ್ಳಬೇಕಾದೀತು. ದೇವರು ಯಾರನ್ನು ಪಟ್ಟಕ್ಕೇರಿಸಿದ ಎಂಬುದಕ್ಕಿಂತ, ಆ ಪಟ್ಟಕ್ಕೆ ಯಾರು ಬಲಿಯಾದರು ಎಂದು ಕೇಳುವುದೇ ದಲಿತ ವಿಮರ್ಶೆಯ ಕೆಲಸ.