ಹುಟ್ಟು ಹಾಕಿದಷ್ಟೂ ಸುತ್ತುವ ದೋಣಿ

ಕೊಳ್ಳೇಗಾಲ, ಹನೂರು ಸೀಮೆಯ ಅಂಚಿನಲ್ಲಿ ಕಾವೇರಿ ನೆಟ್ಟಗೆ ಹರಿಯುವುದಿಲ್ಲ. ಶಿವನಸಮುದ್ರದಲ್ಲಿ ಕವಲೊಡೆದು ಧುಮುಕಿ, ಬಂಡೆಗಳ ಸಂದಿಯಲ್ಲಿ ನುಸುಳಿ ಹೊಗೇನಕಲ್ ಕಡೆಗೆ ಇಳಿಯುತ್ತದೆ. ಮರದ ದೋಣಿ ಇಂಥ ಕಡೆ ಕಲ್ಲಿಗೆ ಬಡಿದು ಸೀಳುತ್ತದೆ. ದುಂಡು ಬುಟ್ಟಿಯಂಥ ದೋಣಿಯಾದ ಹರಿಗೋಲಿನದು ಚಪ್ಪಟೆ ತಳ. ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ, ಬಂಡೆಗೆ ತಾಗಿದರೆ ಬಾಗಿ ಜಾರಿಕೊಳ್ಳುತ್ತದೆ.

ಬಿದಿರ ದಬ್ಬೆಗಳನ್ನು ನೆಲದ ಮೇಲೆ ಅಡ್ಡಡ್ಡ ಹೆಣೆದು, ಅಂಚನ್ನು ಮೇಲಕ್ಕೆ ಬಾಗಿಸಿ ಬಿಗಿದರೆ ಬುಟ್ಟಿ ಸಿದ್ಧ. ಹೊರಮೈಗೆ ಹಿಂದೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಕಂಡದ್ದೂ ಇಂಥವೇ: 15–20 ಜನರನ್ನು ಹೊರುವ, ಕುದುರೆ ಎತ್ತುಗಳನ್ನೂ ದಾಟಿಸುವ, ಸುತ್ತುತ್ತಲೇ ಸಾಗುವ ತೊಗಲಿನ ಬುಟ್ಟಿಗಳು.

ಆ ಸುತ್ತನ್ನು ಹಿಡಿತದಲ್ಲಿಡುವುದೇ ಅಂಬಿಗನ ವಿದ್ಯೆ. ರೋಯಿಂಗ್ ಪಂದ್ಯದ ದೋಣಿಯವನು ಹಿಂದಕ್ಕೆ ಜರುಗುತ್ತಾ ತೋಳು, ಬೆನ್ನು, ಕಾಲುಗಳಿಂದ ಎಳೆಯುತ್ತಾನೆ. ಹರಿಗೋಲಿನವನು ಹೋಗಬೇಕಾದ ದಿಕ್ಕಿಗೇ ಮುಖ ಮಾಡಿ, ಹುಟ್ಟನ್ನು ಮುಂದೆ ಚಾಚಿ ನೀರಿಗಿಳಿಸಿ ತನ್ನತ್ತ ಸೆಳೆಯುತ್ತಾನೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಒಂದೇ ಬದಿಗೆ ಹಾಕಿದರೆ ಬುಟ್ಟಿ ಬುಗುರಿಯಾಗುತ್ತದೆ. ಹೊಗೇನಕಲ್‌ನಲ್ಲಿ ಪ್ರವಾಸಿಗರನ್ನು ನಗಿಸಲು ಅಂಬಿಗರು ಬೇಕೆಂದೇ ಹಾಗೆ ಮಾಡುವುದೂ ಉಂಟು.

1799ರ ನಂತರ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರಲ್ಲಿ ಮೈಸೂರಿಗೆ ಬರುವವರೆಗೂ ಆಚೆ ದಡ ಬೇರೆ ಆಡಳಿತದ್ದು; ಹೊಳೆ ದಾಟುವುದೆಂದರೆ ಗಡಿ ದಾಟುವುದೂ ಆಗಿತ್ತು. ದಾಟುವ ಕೆಲಸವನ್ನು ಹರಿಗೋಲಿನಿಂದ ಕಿತ್ತುಕೊಂಡದ್ದು ಕಲ್ಲಿನ ಸೇತುವೆಗಳು. ಮುಂದೆ ಯಳಂದೂರಿನ ಜಾಗೀರುದಾರನಾದ ದಿವಾನ್ ಪೂರ್ಣಯ್ಯ 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಒಂದನ್ನು ಕಟ್ಟಿಸಿದ. ಅದೇ ಶತಮಾನದ ಮೊದಲರ್ಧದಲ್ಲಿ ಜಾಗೀರುದಾರ ರಾಮಸ್ವಾಮಿ ಮುದಲಿಯಾರ್ ಶಿವನಸಮುದ್ರದ ಕವಲುಗಳಿಗೆ ಸೇತುವೆ ಹಾಕಿಸಿದ. ಸತ್ತೇಗಾಲದ ಬಳಿಯ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗ 2018ರ ನೆರೆಯಲ್ಲಿ ಕೊಚ್ಚಿಹೋಯಿತು.

ಆದರೂ ಮೀನು ಹಿಡಿಯುವವರ ಕೈಯಲ್ಲಿ ಹರಿಗೋಲು ಉಳಿಯಿತು. ಹೊಗೇನಕಲ್‌ನಲ್ಲಿ ಪ್ರವಾಸಿಗರೂ ಅದಕ್ಕೆ ಅನ್ನ ಹುಟ್ಟಿಸಿದರು. ಕೆ.ಆರ್.ಎಸ್., ಕಬಿನಿ ಅಣೆಕಟ್ಟುಗಳಿಂದ ನೀರು ಹೆಚ್ಚು ಬಿಟ್ಟ ದಿನಗಳಲ್ಲಿ ಅಲ್ಲಿ ಹರಿಗೋಲು ಇಳಿಸುವಂತಿಲ್ಲ. ಸೆಳವಿನ ಜೊತೆ ಕೆಳಗಿಳಿದ ಅಂಬಿಗ ಎದುರು ನೀರಿಗೆ ಹುಟ್ಟು ಹಾಕಿ ಹೆಣಗುವುದಿಲ್ಲ. ಬುಟ್ಟಿಯನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು, ದಡದ ದಾರಿ ಹಿಡಿದು ಮೇಲಕ್ಕೆ ನಡೆಯುತ್ತಾನೆ.