ಸ್ಟಾಂಪ್ ಹೋಯ್ತು, ಕಾರ್ಡ್ ಬಂತು: ಅಂಗಡಿ ನಮ್ಮನ್ನು ಓದಲು ಕಲಿತ ಕಥೆ

ಬಿಲ್ ಕೌಂಟರ್‌ನಲ್ಲಿ ನಿಂತ ತಕ್ಷಣ ಕೇಳೋ ಪ್ರಶ್ನೆ ಯಾವುದು? "ಮೊಬೈಲ್ ನಂಬರ್ ಹೇಳಿ ಸರ್." ನಾವೂ ಯೋಚಿಸದೆ ಹತ್ತು ಅಂಕಿ ಒಪ್ಪಿಸಿಬಿಡ್ತೀವಿ. ಈ ಪ್ರಶ್ನೆಗೂ ಒಂದು ಇತಿಹಾಸ ಇದೆ. ಅದರ ದೊಡ್ಡ ಅಧ್ಯಾಯ ನಡೆದಿದ್ದು ಬ್ರಿಟನ್ನಿನಲ್ಲಿ.

1963ರಲ್ಲಿ ಅಲ್ಲಿನ ಟೆಸ್ಕೊ ಅಂಗಡಿಗಳು ಗ್ರೀನ್ ಶೀಲ್ಡ್ ಅನ್ನೋ ಸ್ಟಾಂಪ್ ಕೊಡಲು ಶುರುಮಾಡಿದವು. ಸಾಮಾನು ಕೊಂಡಷ್ಟೂ ಸ್ಟಾಂಪ್. ಪುಸ್ತಕಕ್ಕೆ ಅಂಟಿಸಿ, ತುಂಬಿದ ಪುಸ್ತಕ ಕೊಟ್ಟರೆ ಉಡುಗೊರೆ. 1977ರಲ್ಲಿ ಟೆಸ್ಕೊ ಇದನ್ನ ಕೈಬಿಟ್ಟು ಬೆಲೆ ಇಳಿಸಿತು. ಗಮನಿಸಿ, ಸ್ಟಾಂಪ್ ಅಂಟಿಸಿದ್ದು ಯಾರು, ಅವರ ಬುಟ್ಟಿಯಲ್ಲಿ ಏನಿತ್ತು ಅನ್ನೋದು ಅಂಗಡಿಗೆ ಗೊತ್ತಾಗ್ತಾನೇ ಇರಲಿಲ್ಲ.

ಅಷ್ಟರಲ್ಲಿ ಇನ್ನೊಂದು ತಂತ್ರಜ್ಞಾನ ಬಂದಿತ್ತು. 1974ರ ಜೂನ್ 26ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಸೂಪರ್‌ಮಾರ್ಕೆಟ್‌ನಲ್ಲಿ ಒಂದು ಚೂಯಿಂಗ್ ಗಮ್ ಪ್ಯಾಕೆಟ್‌ನ ಬಾರ್‌ಕೋಡ್ ಸ್ಕ್ಯಾನ್ ಆಯಿತು. ಮುಂದೆ ಇದು ಎಲ್ಲ ಕಡೆ ಹಬ್ಬಿದ ಹಾಗೆ, ಏನು ಮಾರಾಟ ಆಯ್ತು ಅನ್ನೋದು ಕಂಪ್ಯೂಟರ್‌ಗೆ ತಿಳಿಯತೊಡಗಿತು. ಆದರೆ ಯಾರಿಗೆ ಮಾರಾಟ ಆಯ್ತು?

ಆ ಖಾಲಿ ಜಾಗ ತುಂಬಿದ್ದು 1995ರ ಫೆಬ್ರವರಿಯಲ್ಲಿ ಬಂದ ಟೆಸ್ಕೊ ಕ್ಲಬ್‌ಕಾರ್ಡ್. ಇದರ ಡೇಟಾ ಓದಿದ್ದು ಎಡ್ವಿನಾ ಡನ್ ಮತ್ತು ಕ್ಲೈವ್ ಹಂಬಿ ದಂಪತಿ ಕಟ್ಟಿದ್ದ ಡನ್‌ಹಂಬಿ ಎಂಬ ಸಣ್ಣ ಕಂಪನಿ. ಬುಟ್ಟಿಗೆ ಹೆಸರು, ವಿಳಾಸ ಅಂಟಿಕೊಂಡಿತು. ಮಗುವಿನ ಡೈಪರ್ ಕೊಳ್ಳುವ ಮನೆಗೆ ಒಂದು ಕೂಪನ್, ಒಬ್ಬರೇ ಇರುವ ಮನೆಗೆ ಇನ್ನೊಂದು. ಗಿರಾಕಿಗೂ ಖುಷಿ, ಯಾಕಂದ್ರೆ ಬಂದಿದ್ದು ತನಗೆ ಬೇಕಾದ ರಿಯಾಯಿತಿ. ಅದೇ ವರ್ಷ ಟೆಸ್ಕೊ ಸೇನ್ಸ್‌ಬರಿಯನ್ನು ಹಿಂದಿಕ್ಕಿ ಬ್ರಿಟನ್ನಿನ ನಂಬರ್ ಒನ್ ದಿನಸಿ ಅಂಗಡಿ ಆಯ್ತು. 1996ರಲ್ಲಿ ಸೇನ್ಸ್‌ಬರಿಯೂ ಕಾರ್ಡ್ ತಂದಿತು.

"ನಮ್ಮೂರ ಶೆಟ್ಟರಿಗೂ ನಮ್ಮ ಮನೆ ವಿಷಯ ಎಲ್ಲಾ ಗೊತ್ತಿತ್ತಲ್ಲ?" ಅಂತ ನೀವು ಕೇಳಬಹುದು. ಹೌದು, ಉದ್ರಿ ಪುಸ್ತಕದಲ್ಲಿ ಎಲ್ಲಾ ಇರ್ತಿತ್ತು. ಆದರೆ ಆ ಪುಸ್ತಕ ನಮ್ಮ ಎದುರೇ ತೆರೀತಿತ್ತು, ತಪ್ಪು ಬರೆದಿದ್ರೆ ಜಗಳ ಆಡಬಹುದಿತ್ತು. ಶೆಟ್ಟರ ಬಗ್ಗೆ ನಮಗೂ ಅಷ್ಟೇ ಗೊತ್ತಿತ್ತು. ಕಾರ್ಡ್ ಬಂದ ಮೇಲೆ ಪುಸ್ತಕ ಕೌಂಟರ್‌ನ ಆ ಕಡೆಗೇ ಉಳಿಯಿತು.

2019ರಲ್ಲಿ ಟೆಸ್ಕೊ ಇನ್ನೊಂದು ಹೆಜ್ಜೆ ಇಟ್ಟಿತು. ಒಂದೇ ವಸ್ತುವಿಗೆ ಎರಡು ಬೆಲೆ: ಕಾರ್ಡ್ ಇದ್ದವರಿಗೆ ಕಡಿಮೆ, ಇಲ್ಲದವರಿಗೆ ಜಾಸ್ತಿ. ಅಂದ್ರೆ, ಗುರುತು ಹೇಳದೇ ಇರೋದಕ್ಕೂ ಈಗ ಒಂದು ರೇಟು ಇದೆ.

ಇನ್ನು ನಮ್ಮ ಕಡೆಗೆ ಬರೋಣ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರದ ಆಧಾರ್ ಪ್ರಶ್ನಿಸಿ ಶುರುವಾದ ಕೇಸು ಅದು. ಆದರೆ ಅಂಗಡಿಯ ಪ್ರಶ್ನೆಯೂ ಬಾಕಿ ಇತ್ತು. ಬಿಲ್ ಮಾಡೋಕೆ ಮೊಬೈಲ್ ನಂಬರ್ ಕೊಡಲೇಬೇಕು ಅಂತ ಒತ್ತಾಯಿಸಬಾರದು ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ವ್ಯಾಪಾರಿಗಳಿಗೆ ಸೂಚಿಸಿತು.

ರಿಯಾಯಿತಿ ಬೇಕು ಅನಿಸಿದ್ರೆ ನಂಬರ್ ಕೊಡಿ, ತಪ್ಪೇನಿಲ್ಲ. ಆದರೆ ಅದು ವ್ಯಾಪಾರ ಅಂತ ಗೊತ್ತಿದ್ದು ಕೊಡಿ. ಬೇಡ ಅನಿಸಿದ್ರೆ "ಇಲ್ಲ" ಅನ್ನಿ. ಬಿಲ್ ಆಗಲೇಬೇಕು.