ಹಳದಿ ಬೆಳಕು ಹೋಗಿ ಮತ್ತೆ ಬಂದ ಕಥೆ

ಭರಮಸಾಗರದ ಅಂಗಡಿಯೊಂದರಲ್ಲಿ ಹಳದಿ ಬೆಳಕಿನ ಎಲ್‌ಇಡಿ ಬಲ್ಬು ಕೇಳಿದೆವು. 'ದೇವರ ಮನೆಗಾ?' ಅಂದರು. ಅಲ್ಲ, ನಡುಮನೆಗೆ ಅಂದಾಗ ನಮ್ಮ ಮುಖ ನೋಡಿದರು.

ಇದರ ಹಿಂದೆ ಒಂದು ಇತಿಹಾಸವಿದೆ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಹಳ್ಳಿಯ ಬಡವರ ಗುಡಿಸಲಿಗೆ ಬರಲು ಇನ್ನೂ ಎಷ್ಟೋ ದಶಕ ಬೇಕಾಯಿತು. ಭಾಗ್ಯಜ್ಯೋತಿ ಅಂತ ಮನೆಗೊಂದೇ ಬಲ್ಬು. ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜ್ ಬಿದ್ದು ಬಲ್ಬಿನ ತಂತಿ ಕೆಂಡದಂತೆ ಕಾಣುತ್ತಿತ್ತೇ ಹೊರತು ಬೆಳಕಿಲ್ಲ. ಉಳ್ಳವರ ಮನೆಯಲ್ಲಿ ಬೆಳ್ಳಗಿನ ಟ್ಯೂಬ್‌ಲೈಟು. ಹಳದಿ ಅಂದರೆ ಬಡತನ, ಬಿಳಿ ಅಂದರೆ ಅನುಕೂಲ ಎಂಬ ಲೆಕ್ಕ ತಲೆಯಲ್ಲಿ ಕೂತಿದ್ದು ಆಗಲೇ ಇರಬೇಕು.

2015ರ ಕೊನೆಗೆ 'ಹೊಸ ಬೆಳಕು' ಯೋಜನೆಯಲ್ಲಿ 100 ರೂಪಾಯಿಗೆ 9 ವ್ಯಾಟಿನ ಎಲ್‌ಇಡಿ ಕೊಟ್ಟರು. ಅದೂ ಬಿಳಿಯದೇ. 60 ವ್ಯಾಟಿನ ಹಳೇ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅಷ್ಟೇ ಬೆಳಕಿಗೆ ಇದು ಒಂದೂವರೆ ಯೂನಿಟ್ಟೂ ತಿನ್ನುವುದಿಲ್ಲ. ಯಾರು ಬೇಡ ಅಂತಾರೆ?

ಬಿಳಿಯೇ ಮೊದಲು ಬಂದಿದ್ದಕ್ಕೆ ಕಾರಣ ಬಲ್ಬಿನ ಒಳಗಿದೆ. ಅಲ್ಲಿ ಉರಿಯುವ ಚಿಪ್ಪು ನಿಜಕ್ಕೂ ನೀಲಿ. ಈ ನೀಲಿ ಎಲ್‌ಇಡಿ ಮಾಡಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ನೀಲಿ ಚಿಪ್ಪಿನ ಮೇಲೆ ಹಳದಿಯಾಗಿ ಹೊಳೆಯುವ ಪುಡಿ ಬಳಿದರೆ ಕಣ್ಣಿಗೆ ಬಿಳಿ ಕಾಣುತ್ತದೆ. ಸುಲಭ, ಬೆಳಕೂ ಜಾಸ್ತಿ. ಆದರೆ ಅದರಲ್ಲಿ ಕೆಂಪು ಕಡಿಮೆ. ಕುಂಕುಮ, ಟೊಮೆಟೊ, ಮಗುವಿನ ಕೆನ್ನೆ ಎಲ್ಲ ಪೇಲವ. ಹಳೇ ಬಲ್ಬಿನ ಬಣ್ಣ ಬೇಕಾದರೆ ಕೆಂಪಾಗಿ ಹೊಳೆಯುವ ಪುಡಿಯನ್ನೂ ಬೆರೆಸಬೇಕು. ಆಗ ಬೆಳಕು ತುಸು ತಗ್ಗುತ್ತದೆ. ಮೊದಲಿಗೆ ಈ ನಷ್ಟ ದೊಡ್ಡದಿತ್ತು, ಈಗ ಅಲ್ಪ. ಡಬ್ಬಿಯ ಮೇಲೆ 2700 ಅಥವಾ 3000 ಕೆ ಅಂತಿದ್ದರೆ ಹಳದಿ. 6500 ಕೆ ಅಂದರೆ ಬಿಳಿ.

ಈ ಕೆಂಪಿನ ಬೆಲೆ ಸೇವಂತಿಗೆಗೂ ಗೊತ್ತು. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ರಾತ್ರಿ ಹೊಲದಲ್ಲಿ ಸಾಲುಸಾಲು ಬಲ್ಬು ಉರಿಸುತ್ತಾರೆ. ಸೇವಂತಿಗೆ ಹೂ ಬಿಡುವುದು ರಾತ್ರಿ ಉದ್ದವಾದಾಗ. ನಡುವೆ ಬೆಳಕು ಬಿದ್ದರೆ ಹೂವನ್ನು ಮುಂದೂಡಿ ಗಿಡ ಬೆಳೆಯುತ್ತದೆ. ಹಾಗೆ ಮಾಡಿಸುವುದು ಮುಖ್ಯವಾಗಿ ಬೆಳಕಿನಲ್ಲಿರುವ ಕೆಂಪು.

ಮನುಷ್ಯರ ಮೈಯೂ ಸುಮ್ಮನಿರುವುದಿಲ್ಲ. ರಾತ್ರಿ ನೀಲಿ ಹೆಚ್ಚಿದ್ದರೆ ಇನ್ನೂ ಹಗಲು ಅಂದುಕೊಂಡು ನಿದ್ದೆ ತಡವಾಗುತ್ತದೆ.

ತಂದ ಬಲ್ಬನ್ನು ನಮ್ಮಲ್ಲೊಬ್ಬರ ನಡುಮನೆಗೆ ಹಾಕಿದೆವು. ಸ್ವಿಚ್ ಒತ್ತಿದ ಕೂಡಲೇ ಅಜ್ಜಿ ಒಳಗಿನಿಂದ ಕೂಗಿದರು: 'ವೋಲ್ಟೇಜ್ ಇಲ್ಲೇನಪ್ಪಾ ಇವತ್ತು?'